ಬೆಕ್ಕಾಗಿ ಬಂದ ಮಾವ

ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಅವಳನ್ನು ಕಥಾ ಕಮ್ಮಟದವರೆಲ್ಲ ಸೂಜಿ ಮೇಡಂ ಎನ್ನುತ್ತಿದ್ದರು. ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಕಮ್ಮಟ. ಅಲ್ಲಿ ಒಂದೇ ಕಟ್ಟಳೆ: ಕಥೆಯನ್ನು ಉಳಿದವರು ಜಾಲಾಡುವಾಗ ಬರೆದವರು ತುಟಿ ಪಿಟಕ್ಕೆನ್ನಬಾರದು.

ಅವಳು ಬರೆದದ್ದು ತನ್ನ ಗಂಡನ ತಂದೆಯ ಕಥೆ. ಅದರೊಳಗಿನ ಮಾವ ಸದಾ ನಗುತ್ತಾರೆ, ಹರಸುತ್ತಾರೆ, ಸೊಸೆ ಕೊಟ್ಟ ಚಹಾವನ್ನು ಮರುಮಾತಿಲ್ಲದೆ ಕುಡಿಯುತ್ತಾರೆ.

"ಇಂಥ ಮಾವ ಎಲ್ಲಿ ಸಿಗ್ತಾರೆ? ವಿಳಾಸ ಕೊಡಿ, ನನ್ನ ಮಗಳನ್ನ ಅದೇ ಮನೆಗೆ ಕೊಡ್ತೀನಿ," ಎಂದ ಕಮ್ಮಟಕ್ಕೆ ಬರುತ್ತಿದ್ದ ಬಸ್ ಕಂಡಕ್ಟರ್. ಕೋಣೆ ಗೊಳ್ಳೆಂದಿತು.

ಸೂಜಿ ಮೇಡಂ ತುಟಿ ಕಚ್ಚಿಕೊಂಡಳು. ಕಮ್ಮಟದ ಕೊನೆಯ ದಿನ ಕಥೆಯನ್ನು ವೇದಿಕೆಯಲ್ಲಿ ಓದಬೇಕು. "ನಮ್ಮ ಸೊಸೆ ನನ್ನ ಮೇಲೆ ಕಥೆ ಬರ್ದಿದ್ದಾಳೆ" ಎಂದು ಮಾವ ಆಗಲೇ ಬೀದಿಗೆಲ್ಲ ಡಂಗುರ ಹೊಡೆದಾಗಿದೆ. ಇದ್ದದ್ದನ್ನು ಇದ್ದಂತೆ ಬರೆದರೆ ಮನೆಯಲ್ಲಿ ಮುಖ ತೋರಿಸುವುದು ಹೇಗೆ?

ಕಮ್ಮಟ ನಡೆಸುವ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಪ್ರಯೋಗ ಮಾಡುವಾಗ ಒಂದನ್ನ ಬದಲಾಯಿಸಿ, ಉಳಿದದ್ದನ್ನ ಹಾಗೇ ಇಟ್ಟು ನೋಡ್ತೀರಲ್ವೇನಮ್ಮಾ? ಕಥೇಲೂ ಹಾಗೇ ಮಾಡಿ."

ಪ್ರಯೋಗವೆಂದರೆ ಅವಳು ಚಾಚೂ ತಪ್ಪುವವಳಲ್ಲ. ಮಾವನನ್ನು ತೆಗೆದಳು. ಆ ಜಾಗದಲ್ಲಿ ಒಂದು ಬೆಕ್ಕನ್ನು ಕೂರಿಸಿದಳು.

ಕೂರಿಸಿದ್ದೇ ತಡ, ಕಥೆ ನಾಗಾಲೋಟಕ್ಕೆ ಬಿತ್ತು. ಬೆಕ್ಕಿಗೆ ಯಾರು ಹೆದರುತ್ತಾರೆ? ಅದು ಹಾಲು ಬಿಸಿ ಸಾಲದೆಂದು ಮುಖ ತಿರುಗಿಸಿತು. ಬೇರೆಯವರು ಓದುವ ಮೊದಲೇ ಪೇಪರಿನ ಮೇಲೆ ಕುಳಿತುಬಿಟ್ಟಿತು. ತನ್ನ ಕುರ್ಚಿಯಲ್ಲಿ ಕುಳಿತ ನೆಂಟರನ್ನು ಅವರು ಏಳುವವರೆಗೂ ದುರುಗುಟ್ಟಿತು. ಸೊಸೆಗೆ ಜ್ವರ ಬಂದಾಗ ಮಾತ್ರ ಬಾಗಿಲ ಬಳಿಯಿಂದ ಕದಲಲಿಲ್ಲ. ಯಾರಾದರೂ ನೋಡಿದರೆ, ಇಲಿ ಕಾಯುತ್ತಿದ್ದೇನೆ ಎಂಬಂತೆ ಗೋಡೆಯನ್ನೇ ದಿಟ್ಟಿಸಿತು. ಲ್ಯಾಬಿನಲ್ಲಿ ಯಂತ್ರ ಗಿರ್ರೆಂದು ಟ್ಯೂಬುಗಳನ್ನು ತಿರುಗಿಸುವಾಗ ಅವಳೂ ಕಥೆ ನೆನೆದು ಒಳಗೊಳಗೇ ಗಿರಕಿ ಹೊಡೆದಳು. ತೋಳು ಚಾಚಿ ಕುಳಿತವರೊಬ್ಬರು, "ನಗ್ತಾ ಚುಚ್ಚಬೇಡಿ ಮೇಡಂ, ಭಯ ಆಗುತ್ತೆ," ಎಂದು ಬೇಡಿಕೊಂಡರು.

ಮುಂದಿನ ಭಾನುವಾರ ಕಂಡಕ್ಟರ್ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. "ರೀ, ಇದು ಬೆಕ್ಕಲ್ಲ, ನಮ್ಮಪ್ಪ!"

"ಸರಿ," ಎಂದರು ಮೇಷ್ಟ್ರು. "ಈಗ ಬೆಕ್ಕನ್ನ ಕಳ್ಸಿ ಮಾವನ್ನ ವಾಪಸ್ ಕರೀರಿ. ಉಳಿದದ್ದು ಹಾಗೇ ಇರ್ಲಿ."

ಅವಳಿಗೆ ಮನಸ್ಸಿರಲಿಲ್ಲ. ಆದರೂ ತಿದ್ದಿದಳು. ಹಾಲಿದ್ದಲ್ಲಿ ಚಹಾ ಬಂತು, ಪಂಜವಿದ್ದಲ್ಲಿ ಕೈ.

ಕೊನೆಯ ದಿನ ಚೀಲದಲ್ಲಿ ಬೆಕ್ಕಿನದೊಂದು ಪ್ರತಿ, ಮಾವನದೊಂದು ಪ್ರತಿ. ಮುಂದಿನ ಸಾಲಿನಲ್ಲಿ ಇಸ್ತ್ರಿ ಅಂಗಿ ತೊಟ್ಟ ಮಾವ ಪಕ್ಕದವರಿಗೆ, "ಕಥಾನಾಯಕ ನಾನೇ," ಎನ್ನುತ್ತಿದ್ದರು. ಅವಳು ಬೆಕ್ಕಿನ ಪ್ರತಿಯನ್ನು ಎತ್ತಿಕೊಂಡಳು. ಮಾವನ ಅರಳಿದ ಮುಖ ಕಂಡಿತು. ಆ ಪ್ರತಿಯನ್ನು ಇಟ್ಟು ಇನ್ನೊಂದನ್ನು ತೆಗೆದಳು.

ಚಹಾದ ಭಾಗಕ್ಕೇ ಸಭೆ ನಗತೊಡಗಿತು. ಮಾವ ಕೈಕಟ್ಟಿದರು, ಹುಬ್ಬು ಗಂಟಿಕ್ಕಿದರು. ಅವಳ ಓದು ಇಳಿಜಾರಿನ ಸೈಕಲ್ಲು. ನಿಲ್ಲುವ ಮಾತೇ ಇಲ್ಲ. "ಮಾವ ಪೇಪರಿನ ಮೇಲೆ ಕುಳಿತು ಬಾಲವನ್ನು ಕಾಲಿನ ಸುತ್ತ..."

ಅವಳು ಗಕ್ಕನೆ ನಿಂತಳು. ಬೆಕ್ಕನ್ನೆಲ್ಲ ಹೆಕ್ಕಿ ತೆಗೆದವಳು ಬಾಲವನ್ನು ಮರೆತಿದ್ದಳು! ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಮಾವ ಎದ್ದು ನಿಂತರು. ನಗು ತಟ್ಟನೆ ಅಡಗಿತು.

"ನೋಡಮ್ಮಾ, ಚಹಾ ವಿಷ್ಯ ಮನೇಲಿ ಮಾತಾಡೋಣ. ಆದ್ರೆ ಬಾಲ ಮಾತ್ರ ತೆಗೀಬೇಡ. ಮದ್ವೆಯಾದಾಗಿಂದ ನಿಮ್ಮತ್ತೆಗೂ ಕಾಣದ ಹಾಗೆ ಬಚ್ಚಿಟ್ಟಿದ್ದೆ. ನೀನು ಹಿಡಿದುಬಿಟ್ಟೆ. ಹೂಂ, ಓದು."

ಅವಳು ನಗುತ್ತಲೇ ಮುಂದೆ ಓದಿದಳು. ಜ್ವರದ ಭಾಗ ಬಂದಾಗ ಮಾವ ಪಕ್ಕದ ಗೋಡೆಯನ್ನು ದಿಟ್ಟಿಸತೊಡಗಿದರು. ಅಲ್ಲಿ ಇಲಿಯೇನೂ ಇರಲಿಲ್ಲ.