ಅರವತ್ಮೂರು ಡಬ್ಬಿಗಳ ಕಾರು

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಎಲ್ಲರಿಗೂ ಅವನು ‘ಇನ್ನೇನು ಮಾವ’. ಹನ್ನೊಂದು ವರ್ಷದ ಹಿಂದೆ ಗುಂಡು ದೀಪದ ಹಳೇ ಕಾರೊಂದನ್ನು ಕೊಂಡು ತಂದು ಮನೆ ಹಿಂದಿನ ಶೆಡ್ಡಿಗೆ ನೂಕಿದ್ದ. ಆಗ ಅದರ ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು, ಬಾಗಿಲನ್ನು ಹಗ್ಗ ಹಿಡಿದುಕೊಂಡಿತ್ತು. ಅಂದಿನಿಂದ ಯಾರು ಕೇಳಿದರೂ ಒಂದೇ ಉತ್ತರ: “ಇನ್ನೇನು, ಮುಗೀತು.” ಮುಗಿಯಬೇಕಲ್ಲ! ಊರವರ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ ಮೇಲಕ್ಕೂ ಕೆಳಕ್ಕೂ ಓಡಿಸುವ ಮನುಷ್ಯನಿಗೆ ತನ್ನ ಕಾರನ್ನು ಒಂದು ಗೇಣು ಮುಂದಕ್ಕೆ ಓಡಿಸಲು ಆಗಿರಲಿಲ್ಲ.

ಹೆಂಡತಿ ಆ ಕಾರಿಗೆ ಸವತಿ ಅಂತ ಹೆಸರಿಟ್ಟಿದ್ದಳು. “ಸವತಿಯ ಸೇವೆ ಆಯ್ತಾ? ಬನ್ನಿ ಊಟಕ್ಕೆ,” ಅಂತಲೇ ಕರೆಯುತ್ತಿದ್ದಳು. ಅವಳು ಪರದೆ ಹೊಲಿಯುವವಳು. ಹೊಲಿಗೆ ಮಷೀನು ಊಟದ ಮೇಜಿನ ಮೇಲೆ, ಬಟ್ಟೆಯ ಥಾನುಗಳು ಕುರ್ಚಿಗಳ ಮೇಲೆ, ಗಂಡ ಹೆಂಡಿರ ತಟ್ಟೆ ತೊಡೆಯ ಮೇಲೆ. ಈಗ ಒಂದು ನಾಟಕಶಾಲೆಯ ರಂಗಕ್ಕೆ ಪೂರಾ ಪರದೆ ಹೊಲಿಯುವ ಕೆಲಸ ಬಂದಿತ್ತು. ಅಷ್ಟುದ್ದದ ಬಟ್ಟೆ ಹಾಸಲು ಶೆಡ್ಡೇ ಆಗಬೇಕು. ಅದೇ ವಾರ ಡಾಕ್ಟರು ಇವನ ಭುಜ ಒತ್ತಿ ನೋಡಿ, “ಇನ್ನು ಕಾರಿನಡಿ ಮಲಗಿದಿರೋ, ತಲೆ ಬಾಚಿಕೊಳ್ಳೋಕೂ ಕೈ ಮೇಲೇಳಲ್ಲ,” ಅಂದುಬಿಟ್ಟರು. ಅವನು ಎರಡು ದಿನ ಗುಮ್ಮನೆ ಕೂತಿದ್ದು, ಮೂರನೆಯ ದಿನ “ಮಾರಿಬಿಡ್ತೀನಿ ಕಣೇ,” ಅಂದ. ಹೆಂಡತಿ ಅವತ್ತು ಸವತಿಯ ಮಾತೇ ಎತ್ತಲಿಲ್ಲ.

ಮೊದಲು ಬಂದವನು ಗುಜರಿಯವನು. ಸೀಮೆಸುಣ್ಣ ಹಿಡಿದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಗೆರೆ ಎಳೆದ. ಬಾಗಿಲು ಒಬ್ಬನಿಗಂತೆ, ಎಂಜಿನ್ನು ಇನ್ನೊಬ್ಬನಿಗಂತೆ, ಮಿಕ್ಕಿದ್ದು ಕುಲುಮೆಗಂತೆ! “ಭಾನುವಾರ ನಾಲ್ಕು ಗಂಟೆಗೆ ಲಾರಿ ತರ್ತೀನಿ,” ಅಂತ ಹೇಳಿ ಹೋದ. ಕಸಾಯಿಯವನು ಕುರಿ ನೋಡಿ ಹೋದ ಹಾಗಾಯಿತು ಇವನಿಗೆ. ಕಾರು ಹೋಗುವುದಾದರೆ ಹೋಗಲಿ, ಆದರೆ ಇಡಿಯಾಗಿ ಹೋಗಲಿ, ಯಾರ ಕೈಯಲ್ಲಾದರೂ ಒಂದು ದಿನ ರಸ್ತೆಗೆ ಇಳಿಯಲಿ. ಅವನು ಬಯಸಿದ್ದು ಅಷ್ಟೇ.

ಭಾನುವಾರ ಬೆಳಿಗ್ಗೆ ಎಂಟಕ್ಕೇ, ಮಾರಾಟದ ಸುದ್ದಿ ಕೇಳಿ ಒಬ್ಬಳು ಬಂದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು, ಮೂವತ್ತರ ಆಸುಪಾಸು. ನಮಸ್ಕಾರ ಅಂದವಳೇ ಟಾರ್ಚು ಹಿಡಿದು ಕಾರಿನಡಿ ಸರಿದಳು. ಅರ್ಧ ಗಂಟೆ ಅವಳ ಬೂಟು ಮಾತ್ರ ಕಾಣುತ್ತಿತ್ತು.

“ಚಾಸಿ ಗಟ್ಟಿಯಾಗಿದೆ ಸಾರ್,” ಅನ್ನುತ್ತ ಹೊರಗೆ ಬಂದಳು. “ವೆಲ್ಡಿಂಗ್ ಯಾರು ಮಾಡಿದ್ದು?”

“ನಾನೇ ಕಣಮ್ಮ.”

“ಒಳ್ಳೇ ಕೈ ನಿಮ್ಮದು.”

ಹನ್ನೊಂದು ವರ್ಷದಲ್ಲಿ ಒಬ್ಬರೂ ಅನ್ನದಿದ್ದ ಮಾತು. ಅವನು ಸುಮ್ಮನೆ ಒಂದು ಸ್ಪ್ಯಾನರ್ ಎತ್ತಿಕೊಂಡು ಒರೆಸತೊಡಗಿದ.

“ಬಿಚ್ಚಿಟ್ಟ ಸಾಮಾನೆಲ್ಲ ಎಲ್ಲಿ?”

ಅವನು ಹೆಮ್ಮೆಯಿಂದ ಗೋಡೆಯ ಹಲಗೆಗಳನ್ನು ತೋರಿಸಿದ. ಅರವತ್ಮೂರು ತಗಡಿನ ಡಬ್ಬಿಗಳು, ಒಂದೊಂದರ ಮೇಲೂ ಅಂಟಿಸಿದ ಚೀಟಿ. ಅವಳು ಮೊದಲನೆಯದನ್ನು ಓದಿದಳು: “ಷಡ್ಡಕ ಬಂದು ಮೂರು ದಿನ ಠಿಕಾಣಿ ಹೂಡಿದ್ದು.” ಎರಡನೆಯದು: “ನಲ್ಲಿ ಸೋರಿ ಬೈಸಿಕೊಂಡದ್ದು.” ಮೂರನೆಯದು: “ಮಗಳ ಮೊದಲ ಸಂಬಳ.”

“ಇದೇನ್ ಸಾರ್, ಡಬ್ಬೀನೋ ಡೈರೀನೋ?”

ಅವನ ಲೆಕ್ಕಾಚಾರ ಹೀಗಿತ್ತು: ನಟ್ಟು ಬೋಲ್ಟಿನ ಹೆಸರು ಮರೆತುಹೋಗುತ್ತದೆ, ಮನೆಯಲ್ಲಿ ನಡೆದದ್ದು ಮರೆಯುವುದಿಲ್ಲ. ಬಿಚ್ಚಿದ ದಿನ ಏನಾಯಿತೋ ಅದನ್ನೇ ಬರೆದಿಟ್ಟರೆ ಜೋಡಿಸುವಾಗ ತಾನಾಗಿ ನೆನಪಾಗುತ್ತದೆ. ಎಂಥಾ ಜಾಣ ನೋಡಿ! ಈಗ ಷಡ್ಡಕ ನೆನಪಾದ, ಅವನ ಗೊರಕೆಯೂ ನೆನಪಾಯಿತು. ಬೋಲ್ಟು ಎಲ್ಲಿಯದು ಅನ್ನುವುದು ಮಾತ್ರ ಸುತರಾಂ ನೆನಪಾಗಲಿಲ್ಲ. ಒಂದಾದ ಮೇಲೊಂದು ಡಬ್ಬಿ ತೆಗೆದ, ಮುಚ್ಚಿದ, ಬೆವರಿದ. ಅರವತ್ಮೂರರಲ್ಲಿ ಐದನ್ನು ಗುರುತಿಸುವಷ್ಟರಲ್ಲಿ ಇಂಗು ತಿಂದ ಮಂಗನಂತಾಗಿದ್ದ.

ಅವಳು ಕೈಗವಸು ಬಿಚ್ಚಿದಳು. “ಬೇಜಾರು ಮಾಡ್ಕೋಬೇಡಿ ಸಾರ್. ಈ ಕಾರಿನ ಪುಸ್ತಕ ಎಲ್ಲೂ ಸಿಗಲ್ಲ. ಯಾವುದು ಎಲ್ಲಿಯದು ಅಂತ ಗೊತ್ತಿಲ್ದೆ ತಗೊಂಡು ಹೋದ್ರೆ ನನ್ನ ಮನೇಲೂ ಹನ್ನೊಂದು ವರ್ಷ ಕೂತಿರುತ್ತೆ. ನಂಗೆ ಬೇಡ.”

ಅವನು ಕಾರಿನ ಕಡೆ ನೋಡಿದ. ಬಾಗಿಲ ಮೇಲಿನ ಸೀಮೆಸುಣ್ಣದ ಗೆರೆ ಇನ್ನೂ ಬೆಳ್ಳಗೆ ಕಾಣುತ್ತಿತ್ತು.

“ಹಿಂದಿನ ಚಕ್ರ. ಎಡಗಡೆದು.”

ಇಬ್ಬರೂ ತಿರುಗಿದರು. ಹೆಂಡತಿ ಶೆಡ್ಡಿನ ಅಳತೆ ತೆಗೆಯಲೆಂದು ಕೊರಳಿಗೆ ಟೇಪು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಏನದು?” ಅಂದ ಅವನು.

“ನಮ್ಮ ಭಾವ ಬಂದಿದ್ದಾಗ ಬಿಚ್ಚಿದ್ದು ತಾನೇ? ಅವರ ಮುಖ ನೋಡಬೇಕಾಗುತ್ತೆ ಅಂತ ಮೂರು ದಿನ ಅದರಡಿಯಿಂದ ಈಚೆಗೇ ಬರಲಿಲ್ಲ ನೀವು. ಕಾಲೆರಡೂ ಹಿಂದಿನ ಎಡ ಚಕ್ರದ ಹತ್ರ ಚಾಚಿಕೊಂಡಿದ್ವು.”

ಮೆಕ್ಯಾನಿಕ್ಕು ಷಡ್ಡಕನ ಡಬ್ಬಿ ತೆಗೆದು ಒಂದು ಬೋಲ್ಟನ್ನು ಆ ಚಕ್ರದ ಸ್ಪ್ರಿಂಗ್ ಪಟ್ಟಿಯ ತೂತಿಗೆ ಹಿಡಿದು ನೋಡಿದಳು. ಬೆಣ್ಣೆಯಲ್ಲಿ ಬೆರಳಿಟ್ಟಂತೆ ಕೂತಿತು.

“ನಲ್ಲಿ ಸೋರಿದ ದಿನ, ಅಮ್ಮಾ?”

“ಮುಂದೆ, ಬಲಗಡೆ. ನಾನು ಕೂಗಿದ್ದಕ್ಕೆ ಇವರು ಎದ್ದು ಬರೋಕೆ ಹೋಗಿ ಬಂಪರಿಗೆ ಹಣೆ ಚಚ್ಚಿಕೊಂಡ್ರು. ಇನ್ನೂ ಗಾಯದ ಕಲೆ ಇದೆ ನೋಡು.”

ಅದೂ ಸರಿಯಾಯಿತು. ಊಟದ ಮೇಜು ಇದ್ದದ್ದು ಕಿಟಕಿಯ ಪಕ್ಕ, ಕಿಟಕಿ ತೆರೆಯುವುದು ಶೆಡ್ಡಿನ ಕಡೆಗೆ. ಹನ್ನೊಂದು ವರ್ಷ ಹೊಲಿಯುತ್ತ ಹೊಲಿಯುತ್ತ ಅವಳು ನೋಡಿದ್ದು ಇದನ್ನೇ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳುತ್ತಾರೆಯೇ? ಇವನು ಒಂದು ಸಲವಾದರೂ ಅವಳನ್ನು ಕೇಳಿದ್ದರೆ ತಾನೆ!

“ಇಷ್ಟೆಲ್ಲ ಹೇಗೆ ನೆನಪಿಟ್ಟುಕೊಂಡ್ಯೇ?”

“ಗಂಡನ ಮುಖ ಅಂತೂ ಕಾಣ್ತಿರಲಿಲ್ಲ. ಕಾಲನ್ನಾದ್ರೂ ನೋಡಬೇಡವೇನ್ರೀ?”

ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಈ ಹೆಂಗಸು ತನಗೆ ಎಷ್ಟು ಬೇಕಾದವಳು ಅನ್ನಿಸಿತು. ಒಂದು ಸ್ಟೂಲು ಒರೆಸಿ ತಂದು ಅವಳಿಗೆ ಹಾಕಿದ. ಅವಳು ಕೂತು ಒಂದೊಂದೇ ಚೀಟಿ ಓದಿಸಿಕೊಂಡು ನೆನೆದು ನೆನೆದು ಹೇಳಿದಳು. ನಡುನಡುವೆ ಜಗಳವೂ ಆಯಿತು. ಮಗಳ ಮೊದಲ ಸಂಬಳದ ದಿನ ಇವನು ಎಂಜಿನ್ನಿನೊಳಗೆ ತಲೆ ಹಾಕಿದ್ದನೋ, ಡ್ಯಾಶ್‌ಬೋರ್ಡಿನಡಿ ತೂರಿದ್ದನೋ ಅಂತ ಮಗಳಿಗೇ ಫೋನು ಮಾಡಿ ಕೇಳಿದರು. ಅವಳು, “ಎಲ್ಲೋ ಗೊತ್ತಿಲ್ಲ, ನಾನು ತಂದ ಹೊಸ ಶರ್ಟಿಗೆ ಮಾತ್ರ ಗ್ರೀಸು ಆಗಿತ್ತು,” ಅಂದಳು. ಗ್ರೀಸು ಅಂದಮೇಲೆ ಡ್ಯಾಶ್‌ಬೋರ್ಡಿನಡಿಯ ಸ್ಟಿಯರಿಂಗ್ ಕಂಬವೇ ಅಂತ ತೀರ್ಮಾನವಾಯಿತು.

ಎರಡು ಗಂಟೆಯ ಹೊತ್ತಿಗೆ ಹಳೇ ಚೀಟಿಗಳ ಕೆಳಗೆ ಹೊಸ ಚೀಟಿಗಳು ಬಂದಿದ್ದವು. ನಾಲ್ಕು ಡಬ್ಬಿ ಮಾತ್ರ ಯಾರಿಗೂ ತಿಳಿಯಲಿಲ್ಲ. “ನಾಲ್ಕೇ ತಾನೇ, ನಾನು ಹುಡುಕಿಕೊಳ್ತೀನಿ,” ಅಂದಳು ಮೆಕ್ಯಾನಿಕ್ಕು. “ಕಾರು ನಂಗೇ ಕೊಡಿ ಸಾರ್. ಓಡಿಸದೆ ಬಿಡಲ್ಲ.” ಹೆಂಡತಿ ಅವಳನ್ನು ಕೈ ತೊಳೆಯಲು ಒಳಗೆ ಕರೆದುಕೊಂಡು ಹೋದಳು. ಅಲ್ಲಿ ಏನೋ ಪಿಸುಪಿಸು, ಆಮೇಲೆ ನಗು.

ನಾಲ್ಕಕ್ಕೆ ಸರಿಯಾಗಿ ಗುಜರಿಯವನ ಲಾರಿ ಬಂತು. ಸುದ್ದಿ ಕೇಳಿದವನು, ಬಂದ ದಾರಿಗೆ ಸುಂಕವಿಲ್ಲ ಅಂತ ಗೊಣಗಿ ಹೊರಟ. ಹೆಂಡತಿ ಬಿಟ್ಟಾಳೆಯೇ? “ಹೇಗೂ ಲಾರಿ ತಂದಿದ್ದೀಯಲ್ಲಪ್ಪ, ಬಾಡಿಗೆ ತಗೊಂಡು ಈ ಹುಡುಗಿ ಮನೆ ಮುಟ್ಟಿಸು,” ಅಂದಳು. ಕಾರು ಬಾಗಿಲು, ಡಬ್ಬಿಗಳ ಸಮೇತ ಇಡಿಯಾಗಿ ಲಾರಿ ಏರಿತು. ಬೀದಿಯ ತಿರುವಿನವರೆಗೂ ಅವನು ನೋಡುತ್ತ ನಿಂತ. ಕಣ್ಣು ಒರೆಸಿಕೊಂಡ. ಆದರೂ ಆ ಸೀಮೆಸುಣ್ಣದ ಗೆರೆಗಳನ್ನು ತಾನೇ ಒದ್ದೆ ಬಟ್ಟೆಯಲ್ಲಿ ಅಳಿಸಿ ಕಳಿಸಿದೆನಲ್ಲ ಅನ್ನುವ ಸಮಾಧಾನವಿತ್ತು.

ಶೆಡ್ಡಿಗೆ ವಾಪಸು ಬಂದರೆ ಹಲಗೆಯ ಮೇಲೆ ಒಂದು ಡಬ್ಬಿ ಉಳಿದಿತ್ತು. ಚೀಟಿ ನೋಡಿದ: “ಇವಳು ಸವತಿ ಅಂದ ದಿನ.” ಇದನ್ನು ಅವನಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ. ಮೊದಲ ಸಲ ಅವಳು ಸಿಟ್ಟಿನಲ್ಲಿ ಹಾಗಂದಾಗ, ಇನ್ನು ಈ ಕಾರು ಮುಟ್ಟಲಾರೆ ಅಂತ ಕೀಲಿಕೈಯನ್ನು ಆ ಡಬ್ಬಿಯೊಳಗೆ ಹಾಕಿಟ್ಟಿದ್ದ. ಹತ್ತು ದಿನ ಮುಟ್ಟಿರಲಿಲ್ಲ. ಹನ್ನೊಂದನೆಯ ದಿನ ಅವಳೇ, “ಹೋಗಿ ಮಾರಾಯರೇ, ನಿಮ್ಮ ಸಪ್ಪೆ ಮುಖ ನೋಡೋಕಾಗಲ್ಲ,” ಅಂತ ಶೆಡ್ಡಿಗೆ ಅಟ್ಟಿದ್ದಳು.

“ಅಯ್ಯಯ್ಯೋ! ಕೀ ಇಲ್ಲೇ ಉಳೀತಲ್ಲೇ!” ಅಂತ ಅವನು ಡಬ್ಬಿ ಹಿಡಿದು ಓಡಲು ಹೊರಟ.

“ನಿಂತ್ಕೊಳ್ಳಿ. ಅದು ಉಳಿದಿದ್ದಲ್ಲ, ನಾನು ಉಳಿಸಿಕೊಂಡಿದ್ದು. ಆ ಹುಡುಗಿಗೂ ಹೇಳಿದ್ದೀನಿ. ಎಂಜಿನ್ ಶುರು ಮಾಡೋ ದಿನ ಬಂದು ನಿಮ್ಮನ್ನ ಕರ್ಕೊಂಡು ಹೋಗ್ತಾಳೆ. ಕೀ ತಿರುಗಿಸೋದು ನೀವೇ.”

ಅವನು ಕೀಯನ್ನು ಡಬ್ಬಿಯಿಂದ ತೆಗೆದು ಅಂಗಿಗೆ ಒರೆಸಿಕೊಂಡ. ಆಮೇಲೆ, “ನೀನೂ ಬರ್ತೀಯಾ?” ಅಂದ.

“ಬರದೆ? ಮುಂದಿನ ಸೀಟು ನಂದು, ಈಗಲೇ ಹೇಳಿದ್ದೀನಿ.” ಅವಳು ಕೊರಳಿನ ಟೇಪು ತೆಗೆದು ಅದರ ತುದಿಯನ್ನು ಅವನ ಕೈಗಿಟ್ಟಳು. “ಈಗ ಇದನ್ನ ಹಿಡ್ಕೊಂಡು ಆ ಗೋಡೆ ಹತ್ರ ಹೋಗಿ. ನಿಂತ್ಕೊಂಡೇ ಇರಿ, ಮತ್ತೆ ಮಲಗಿಬಿಟ್ಟೀರಾ! ಇವತ್ತಾದ್ರೂ ಮುಖ ನೋಡ್ತೀನಿ.”