ಮಡಚಿಟ್ಟ ಪೈಪು

ಪೇಂಟರ್ ಕಟ್ಟಡದ ಸಾರುವೆಯಿಂದ ಬಿದ್ದ ಹೊಸತರಲ್ಲಿ ಮನೆಗೆ ಜನವೋ ಜನ. ಬೆನ್ನುಹುರಿಗೆ ಏಟಾಗಿದೆ, ಎದೆಯಿಂದ ಕೆಳಗೆ ಸ್ವಾಧೀನವಿಲ್ಲ ಎಂದು ಗೊತ್ತಾದ ಮೇಲೆ ಒಬ್ಬೊಬ್ಬರೇ ಈ ಕಡೆ ತಲೆ ಹಾಕುವುದನ್ನು ಬಿಟ್ಟರು. ಹೆಂಡತಿ ಪಕ್ಕದ ಕೋಣೆಯಲ್ಲಿ ಹೊಲಿಗೆಗೆ ಕೂತರೆ ಅವನ ಮಾತಿಗೆ ಎದುರಿನ ಗೋಡೆಯೇ ಗತಿ. ಅದಕ್ಕೆ ಬಣ್ಣ ಬಳಿದವನೂ ಅವನೇ. ಎರಡನೇ ಕೋಟು ಬಳಿಯುವುದು ಹಾಗೇ ಉಳಿದಿತ್ತು.

ಇಂದು ಹಳೆಯ ಜೊತೆಗಾರ ಬರುತ್ತೇನೆಂದು ಫೋನ್ ಮಾಡಿದ್ದ. ಹಿಂದೊಮ್ಮೆ ಬಂದವನು ಮೂತ್ರದ ಚೀಲ ನೋಡಿ ಮುಖ ತಿರುಗಿಸಿ ಎದ್ದುಹೋಗಿದ್ದ. ಈ ಸಲ ಹಾಗಾಗುವುದು ಬೇಡವೆಂದು ಪೇಂಟರ್ ಚೀಲಕ್ಕೆ ಮೂತ್ರ ಇಳಿಯುವ ಪೈಪನ್ನು ಮಡಚಿ, ಚೀಲದ ಸಮೇತ ತೊಡೆಯ ಕೆಳಗೆ ಸಿಕ್ಕಿಸಿ, ಮೇಲೆ ಹೊದಿಕೆ ಎಳೆದುಕೊಂಡ.

ಜೊತೆಗಾರ ಬಂದು ಮಾತು ರಂಗೇರುವ ಹೊತ್ತಿಗೆ ಪೇಂಟರನ ತಲೆ ಸಿಡಿಯತೊಡಗಿತು. ಮುಖ ಕೆಂಪಾಯಿತು, ಹಣೆಯಿಂದ ಬೆವರು ಇಳಿಯಿತು.

“ಸೆಕೆ ಕಣೋ. ಮಲಗು, ಸರಿಹೋಗುತ್ತೆ,” ಎಂದು ಜೊತೆಗಾರ ಮಲಗಿಸಿದ. ನೋವು ಇನ್ನೂ ಏರಿತು. ಹೆಂಡತಿ ಗಾಬರಿಯಿಂದ ಓಡಿಬಂದು, ಆಸ್ಪತ್ರೆಯ ನರ್ಸಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು.

“ಮಲಗಿಸ್ಬೇಡಿ! ಕೂರಿಸಿ, ಕಾಲು ಇಳಿಬಿಡಿ, ಬಟ್ಟೆ ಸಡಿಲ ಮಾಡಿ. ಪೈಪ್ ಮಡಚಿದ್ಯಾ ನೋಡಿ.”

“ತಲೆನೋವಿಗೂ ಪೈಪಿಗೂ ಏನ್ ಸಂಬಂಧ ಸಿಸ್ಟರ್?” ಎಂದ ಜೊತೆಗಾರ, ಗೆಳೆಯನನ್ನು ಎಬ್ಬಿಸಿ ಕೂರಿಸುತ್ತ.

“ಮೂತ್ರ ಕಟ್ಟಿಕೊಂಡಿದ್ದು ಅವರಿಗೆ ಗೊತ್ತಾಗಲ್ಲ. ಆದ್ರೆ ಮೈ ಸುಮ್ನಿರಲ್ಲ. ಕೆಳಗಿನ ರಕ್ತನಾಳ ಬಿಗಿಯಾಗಿ ಬಿಪಿ ಏರುತ್ತೆ. ಬೆನ್ನುಹುರಿಗೆ ಏಟಾಗಿರೋದ್ರಿಂದ, ಸಾಕು ಅಂತ ಮೆದುಳು ಹೇಳಿದ್ದು ಅಲ್ಲಿಗೆ ತಲುಪಲ್ಲ. ಜೀವಕ್ಕೇ ಅಪಾಯ! ನೋವು ಇಳೀಲಿಲ್ಲ ಅಂದ್ರೆ ತಕ್ಷಣ ಆಸ್ಪತ್ರೆಗೆ ಹೊರಡಿ.”

ಹೆಂಡತಿ ಹೊದಿಕೆ ಎಳೆದು ಪೈಪು ನೇರ ಮಾಡಿದಳು. ಚೀಲ ತುಂಬುತ್ತ ಬಂತು, ನೋವು ಇಳಿಯುತ್ತ ಬಂತು.

“ಸದ್ಯ! ಸೋಂಕಿನ ಜೊತೆ ಹೋರಾಡೋ ಶಕ್ತಿನೂ ಇವರಿಗೆ ಕಡಿಮೆ,” ಎಂದಳು ನರ್ಸ್. “ಮಲಗಿ ಮಲಗಿ ಹುಣ್ಣಾದ್ರೂ ನೋವು ತಿಳಿಯಲ್ಲ. ದಿನಾ ಬೆನ್ನು, ಸೊಂಟ, ಹಿಮ್ಮಡಿ ನೋಡಿ. ಜ್ವರ ಬಂದ್ರೆ, ಮೂತ್ರ ಕದಡಿದ್ರೆ ಕಾಯ್ಬೇಡಿ.”

“ಯಾಕೋ ಮಡಚಿಟ್ಟೆ?” ಜೊತೆಗಾರ ಕೇಳಿದ.

“ನೀನು ಮತ್ತೆ ಎದ್ದುಹೋಗ್ತೀಯ ಅಂತ.”

ಜೊತೆಗಾರ ಅಂಗಿಯ ತೋಳು ಮಡಚಿದ. “ಅತ್ತಿಗೆ, ಚೀಲ ಹೇಗೆ ಖಾಲಿ ಮಾಡೋದು, ತೋರಿಸಿ,” ಎಂದ. ಖಾಲಿ ಮಾಡಿ, ಕೈ ತೊಳೆದು ಬಂದು ಮಂಚದ ಪಕ್ಕದಲ್ಲೇ ಕೂತ. ಗೋಡೆ ನೋಡಿದ.

“ಎರಡನೇ ಕೋಟು ಹೊಡೆದಿಲ್ವಲ್ಲೋ ಸೋಮಾರಿ! ಭಾನುವಾರ ಬ್ರಷ್ ತರ್ತೀನಿ.”

ಪೇಂಟರಿಗೆ ನಗು ಬಂತು, ಜೊತೆಗೆ ಅಳುವೂ.

ನಿಮ್ಮ ಬೀದಿಯಲ್ಲೂ ಬೆನ್ನುಹುರಿಗೆ ಏಟಾದವರು ಇರಬಹುದು. ಅವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿದು ಬೆವರಿದರೆ ಮಲಗಿಸಬೇಡಿ. ಕೂರಿಸಿ, ಪೈಪು ಮಡಚಿದೆಯೇ ನೋಡಿ, ಆಸ್ಪತ್ರೆಗೆ ತಿಳಿಸಿ. ಆದರೆ ಅಲ್ಲಿಯವರೆಗೆ ಕಾಯುವುದೇಕೆ? ಇವತ್ತೇ ಅವರ ಮನೆಗೆ ಹೋಗಿ, ಕೂತು ಮಾತಾಡಿ. ನಿಮ್ಮೆದುರು ಅವರು ಏನನ್ನೂ ಮುಚ್ಚಿಡಬೇಕಾಗದಿರಲಿ.