ಬ್ಯಾಂಡೇಜಿನ ಮೇಲಿನ ಪೇಟ

ನಾನು ಒಂದು ಮೈಸೂರು ಪೇಟ. ಬಿಳಿ ರೇಷ್ಮೆ, ಜರಿ ಅಂಚು, ಹಣೆಗೊಂದು ಸುಳ್ಳು ಮುತ್ತಿನ ಪದಕ. ಸಂತೇಪೇಟೆಯ ಮುದುಕರೊಬ್ಬರು ನನ್ನನ್ನು ರಟ್ಟಿನ ಅಚ್ಚಿಗೆ ಸುತ್ತಿ ಹೊಲಿದರು. ಯಾವುದೋ ದೊಡ್ಡ ಮನುಷ್ಯರ ತಲೆ ಏರುತ್ತೇನೆಂದು ಬೀಗುತ್ತಿದ್ದೆ. ಕೊಂಡದ್ದು ಒಂದು ಕಬಡ್ಡಿ ತಂಡದ ಪ್ರಚಾರ ವಿಭಾಗ.

ವಿಭಾಗವೆಂದರೆ ವಾಗ್ದೇವಿ ಒಬ್ಬಳೇ. ಹೊರಗಿನ ಆಟಗಾರ ಬಂದಿಳಿದರೆ ವಿಮಾನ ನಿಲ್ದಾಣದಲ್ಲೇ ನನ್ನನ್ನು ತೊಡಿಸಿ ಫೋಟೊ ತೆಗೆಸುವುದು, ಪತ್ರಿಕೆಗಳಿಗೆ ಕಳಿಸುವುದು, ಆಮೇಲೆ ನನ್ನನ್ನು ಮೆಲ್ಲಗೆ ವಾಪಸು ಪಡೆಯುವುದು ಅವಳ ಕೆಲಸ. ಇರಾನಿನ ತಲೆ, ಕೊರಿಯಾದ ತಲೆ, ಎಲ್ಲ ಕಂಡೆ. ವಾಗ್ದೇವಿ ಒಳ್ಳೆಯ ಹೆಂಗಸು. ಪಂಜಾಬಿನ ಸರದಾರ ಬಂದಾಗ ಅವನ ಪಗಡಿ ಮುಟ್ಟದೆ ನನ್ನನ್ನು ಕೈಗೆ ಕೊಟ್ಟು ನಿಲ್ಲಿಸಿದಳು. ಕೇಳದೆ ಯಾರ ತಲೆಯನ್ನೂ ಮುಟ್ಟುತ್ತಿರಲಿಲ್ಲ.

ಕೀನ್ಯಾದಿಂದ ಒಮೊಂಡಿ ಬಂದ. ದೊಡ್ಡ ತಲೆ, ನಾನು ಅರ್ಧಕ್ಕೇ ನಿಂತೆ. ಅವನ ನಗುವಿಗೆ ನಾನೂ ಅಲುಗಾಡಿದೆ. ಕನ್ನಡದಲ್ಲಿ ಮಾತಾಡಿದರೆ ಜನ ಹುಚ್ಚೆದ್ದು ಕುಣಿಯುತ್ತಾರೆಂದು ವಾಗ್ದೇವಿ ಅವನಿಗೆ ಒಂದೇ ವಾಕ್ಯ ಬಾಯಿಪಾಠ ಮಾಡಿಸಿದಳು: "ನಾನು ಚೆನ್ನಾಗಿದ್ದೀನಿ." ಪತ್ರಕರ್ತರು ಏನೇ ಕೇಳಲಿ, ಕೈ ಮುಗಿದು ಅಷ್ಟು ಹೇಳಿದರೆ ಸಾಕು ಎಂದಳು.

ಸೆಮಿಫೈನಲ್ಲಿನಲ್ಲಿ ಎದುರಾಳಿಯ ಮೊಣಕಾಲು ಅವನ ತಲೆಗೆ ಬಡಿಯಿತು. ಹೊಲಿಗೆ ಹಾಕಿದ ಡಾಕ್ಟರು, ಫೈನಲ್ ಆಡಕೂಡದು ಎಂದರು. ತಂಡದ ಮಾಲೀಕರು ವಾಗ್ದೇವಿಗೆ ಫೋನು ಮಾಡಿದರು.

"ನೋಡಮ್ಮ, ಅವ್ನಿಲ್ಲ ಅಂತ ಸುದ್ದಿ ಆದ್ರೆ ಸ್ಟೇಡಿಯಂ ಖಾಲಿ ಹೊಡೆಯುತ್ತೆ. ನಗ್ತಾ ಇರೋ ಫೋಟೊ ಬೇಕು."

"ಸರ್, ತಲೆಗೆ ಬ್ಯಾಂಡೇಜ್ ಇದೆ."

"ಪೇಟ ಇಲ್ವಾ?"

ಅವತ್ತು ಅವಳು ಅವನನ್ನು ಕೇಳಲಿಲ್ಲ. ಬ್ಯಾಂಡೇಜು ಮುಚ್ಚುವ ಹಾಗೆ ನನ್ನನ್ನು ಒತ್ತಿ ಕೂರಿಸಿದಳು. "ಫೋಟೊಗಷ್ಟೇ," ಎಂದು ತನಗೆ ತಾನೇ ಹೇಳಿಕೊಂಡಳು. ನನ್ನೊಳಗೆ ಬೆಚ್ಚಗೆ ಒದ್ದೆಯಾಯಿತು.

"ತಲೆಗೆ ಜೋರಾಗೇ ಪೆಟ್ಟಾಗಿದ್ಯಂತೆ, ಹೌದಾ?" ಎಂದ ಫೋಟೊಗೆಂದು ಸೇರಿದ್ದ ಪತ್ರಕರ್ತರಲ್ಲೊಬ್ಬ.

ಪ್ರಶ್ನೆ ಒಮೊಂಡಿಗೆ ಅರ್ಥವಾಗಲಿಲ್ಲ. ಕಲಿಸಿದಂತೆ ಕೈ ಮುಗಿದ. "ನಾನು ಚೆನ್ನಾಗಿದ್ದೀನಿ."

ಚಪ್ಪಾಳೆಯೋ ಚಪ್ಪಾಳೆ. ಬಾಯಿದ್ದಿದ್ದರೆ ನಾನು ಕಿರುಚುತ್ತಿದ್ದೆ.

ಮರುದಿನ ಊರೆಲ್ಲ ಅದೇ ಫೋಟೊ. ಇನ್ನು ಅವನನ್ನು ಹೊರಗೆ ಕೂರಿಸುವ ಧೈರ್ಯ ಕೋಚ್‌ಗೂ ಬರಲಿಲ್ಲ. ಡಾಕ್ಟರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಫೈನಲ್ಲಿನ ಮೊದಲ ರೈಡಿನಲ್ಲೇ ಬಿದ್ದ. ತಾನಾಗಿ ಏಳಲಿಲ್ಲ.

ಜೀವ ಉಳಿಯಿತು, ಅಷ್ಟೇ. ಎಷ್ಟೋ ತಿಂಗಳ ಮೇಲೆ ಅವನ ಅಣ್ಣ ಬಂದು ಗಾಲಿಕುರ್ಚಿಯಲ್ಲಿ ಕರೆದೊಯ್ದ. ಬೀಳ್ಕೊಡುಗೆಯ ಫೋಟೊ ಬೇಕೆಂದು ಮಾಲೀಕರು ನನ್ನನ್ನೂ ನಿಲ್ದಾಣಕ್ಕೆ ಕಳಿಸಿದ್ದರು. ವಾಗ್ದೇವಿ ಚೀಲದ ಬಾಯಿ ತೆರೆದವಳು ನನ್ನನ್ನು ಹೊರಗೆ ತೆಗೆಯಲಾರದೆ ಹೋದಳು. ಅವನ ಮುಂದೆ ಮಂಡಿಯೂರಿ ಕೂತು ಅತ್ತಳು. ಇಂಗ್ಲಿಷೆಲ್ಲ ಮರೆತುಹೋಗಿತ್ತು.

"ಒಮೊಂಡಿ, ನನ್ನ ಕ್ಷಮಿಸ್ತೀರಾ?"

ಅಣ್ಣನ ಹೆಸರೂ ನೆನಪಿಲ್ಲದವನು ಒಂದು ಕೈಯನ್ನು ಕಷ್ಟಪಟ್ಟು ಎದೆಯವರೆಗೆ ಎತ್ತಿದ.

"ನಾನು ಚೆನ್ನಾಗಿದ್ದೀನಿ."

ವಾಗ್ದೇವಿ ಕೆಲಸ ಬಿಟ್ಟಳು. ನಾನು ಹರಿದ ಜೆರ್ಸಿಗಳ ಜೊತೆ ಉಗ್ರಾಣದ ಮೂಲೆಯಲ್ಲಿ ಬಿದ್ದಿದ್ದೇನೆ. ಅವಳ ಜಾಗಕ್ಕೆ ಬಂದವನು ಮೊನ್ನೆ ಎತ್ತಿ ನೋಡಿ, ಒಳಗಿನ ಕಂದು ಕಲೆ ಕಂಡು ಮುಖ ಸಿಂಡರಿಸಿ ಹೊಸ ಪೇಟ ತರಿಸಿದ. ಹೊರಗಿನಿಂದ ಮಾತ್ರ ನೋಡುವವರಿಗೆ ನಾನು ಈಗಲೂ ಚೆನ್ನಾಗಿದ್ದೇನೆ.